ಸಾಮಾಯಿಕ ಗೋಡೆ: ರೋಣ, ನರಗುಂದ, ಗಜೇಂದ್ರಗಡದ ಸಾಲುಮನೆಗಳು

ರೋಣದ ಹಳೆ ಊರಿನಲ್ಲಿ ಒಂದು ಮನೆಯ ಮಾಳಿಗೆ ಹತ್ತಿದವರು ನೆಲಕ್ಕೆ ಕಾಲಿಡದೆ ಓಣಿಯ ಕಡೆಯ ಮನೆಯಲ್ಲಿ ಇಳಿಯುವ ಕಾಲವೊಂದಿತ್ತು. ಮೊಣಕಾಲೆತ್ತರದ ಕುಂಬಿ ದಾಟಬೇಕು, ಬೆಳಕಿಂಡಿಯ ಮೇಲೆ ಹೆಜ್ಜೆ ಇಡದಂತೆ ನೋಡಿಕೊಳ್ಳಬೇಕು, ಒಣಹಾಕಿದ ಶಾವಿಗೆ ತುಳಿದರೆ ಬೈಸಿಕೊಳ್ಳಬೇಕು, ಅಷ್ಟೆ. ಈಗ ಆ ದಾರಿ ತುಂಡು ತುಂಡಾಗಿದೆ. ಎರಡು ಮಣ್ಣಿನ ಮಾಳಿಗೆಗಳ ನಡುವೆ ಒಂದು ಎರಡಂತಸ್ತಿನ ಆರ್‌ಸಿಸಿ ಮನೆ ಎದ್ದಿದೆ. ಅದರ ಪಕ್ಕದ ಮನೆಗೆ ಪತ್ರಾಸ್ ಹೊದಿಸಿದ್ದಾರೆ. ಅದರಾಚೆಯ ಮನೆ ಬಿದ್ದು ಬಯಲಾಗಿದೆ, ಬಯಲಲ್ಲಿ ಜಾಲಿ ಬೆಳೆದಿದೆ. ನರಗುಂದದ ಹಳೆಯ ಓಣಿಗಳಲ್ಲೂ ಗಜೇಂದ್ರಗಡದ ಗುಡ್ಡದ ಬುಡದಲ್ಲೂ ಅಬ್ಬಿಗೇರಿ, ಸವಡಿ, ಸೂಡಿ, ನರೇಗಲ್ಲಿನಲ್ಲೂ ಹೆಚ್ಚುಕಡಿಮೆ ಇದೇ ನೋಟ.

ಇಂಗ್ಲೆಂಡಿನವರು ತಮ್ಮ ಸಾಲುಮನೆಗಳ ಬಗ್ಗೆ ಗ್ರಂಥಾಲಯ ತುಂಬುವಷ್ಟು ಬರೆದುಕೊಂಡಿದ್ದಾರೆ. ಅವರು ಟೆರೇಸ್ ಮನೆ ಎನ್ನುವುದು ನಮ್ಮ ತಾರಸಿ ಮನೆಯನ್ನಲ್ಲ, ಗೋಡೆಗೆ ಗೋಡೆ ಕೂಡಿಸಿ ಬೀದಿಯುದ್ದಕ್ಕೂ ಕಟ್ಟಿದ ಮನೆಗಳ ಸಾಲನ್ನು. ನಮ್ಮ ಎರಿ ಸೀಮೆಯ ಸಾಲುಮನೆಗಳ ಬಗ್ಗೆ ಇರುವುದು ಚೂರುಪಾರು. ಜಾನಪದದವರು ಮನೆಯ ಭಾಗಗಳ ಹೆಸರು ಬರೆದುಕೊಂಡರು, ಎಂಜಿನಿಯರರು ಬಿದ್ದ ಮನೆಗಳನ್ನು ಎಣಿಸಿದರು, ಫೋಟೋದವರು ಬಾಗಿಲ ಕೆತ್ತನೆಯನ್ನು ಹಿಡಿದುಕೊಂಡು ಹೋದರು. ಇಡೀ ಓಣಿಯನ್ನು ಒಂದೇ ಕಟ್ಟಡ ಎಂದು ನೋಡಿದವರು ಕಡಿಮೆ. ಹಾಗೆ ನೋಡದೆ ಇದ್ದುದರಿಂದಲೇ ಈ ಮನೆಗಳು ಬೀಳುತ್ತಿವೆ ಎಂಬುದು ನನ್ನ ಅಭಿಪ್ರಾಯ. ಮಣ್ಣಿನ ಮನೆ ಎಂದಮೇಲೆ ಬೀಳಲೇಬೇಕು ಎಂದು ಹೇಳುವುದು ಸುಲಭ. ಆದರೆ ನೂರು ವರ್ಷ ನಿಂತ ಮಣ್ಣು ಕಳೆದ ಮೂವತ್ತು ನಲವತ್ತು ವರ್ಷಗಳಲ್ಲೇ ಯಾಕೆ ಬೀಳತೊಡಗಿತು ಎಂಬ ಪ್ರಶ್ನೆಗೆ ಆ ಮಾತಿನಲ್ಲಿ ಉತ್ತರವಿಲ್ಲ.

ಮೊದಲು ಈ ಮನೆ ಹೇಗೆ ನಿಲ್ಲುತ್ತದೆ ನೋಡೋಣ. ಧಾರವಾಡದಿಂದ ಪಡುವಣಕ್ಕೆ ಹೋದಂತೆ ಮಳೆ ಏರುತ್ತದೆ, ಮನೆಗಳಿಗೆ ಇಳಿಜಾರು ಹಂಚು ಬರುತ್ತದೆ. ಮೂಡಣಕ್ಕೆ ಬಂದರೆ ಎರಿ ಹೊಲ, ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನ ಮಳೆ, ಸಪಾಟು ಮಾಳಿಗೆ. ಸಪಾಟು ಚಾವಣಿಯ ರೂಢಿ ಈ ಭಾಗಕ್ಕೆ ಹೊಸತೇನಲ್ಲ. ರೋಣದಿಂದ ದೂರವಿಲ್ಲದ ಐಹೊಳೆಯ ಲಾಡಖಾನ ಗುಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳ ಸಂದಿಗಳನ್ನು ಮರದ ದಿಮ್ಮಿಯಾಕಾರದ ಉದ್ದನೆಯ ಕಲ್ಲುಪಟ್ಟಿಗಳಿಂದ ಮುಚ್ಚಿದ್ದಾರೆ. ಏಳೆಂಟನೆಯ ಶತಮಾನದ ಆ ಕಲ್ಲುಕುಟಿಗರ ಕಣ್ಣೆದುರು ಮರದ ಮಂಟಪವೊಂದು ಇದ್ದಿರಲೇಬೇಕು ಎಂದು ಕಲಾ ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ. ಅಲ್ಲಿಂದ ಇಲ್ಲಿಯವರೆಗೆ ಒಂದೇ ಗೆರೆ ಎಳೆಯುವ ಆಸೆ ನನಗಿಲ್ಲ. ಇವತ್ತು ನಿಂತಿರುವ ಮಣ್ಣಿನ ಮನೆಗಳಲ್ಲಿ ನೂರೈವತ್ತು ಇನ್ನೂರು ವರ್ಷ ದಾಟಿದವು ಸಿಗುವುದೇ ಅಪರೂಪ.

ಮನೆಯನ್ನು ಅಳೆಯುವುದು ಖಣದ ಲೆಕ್ಕದಲ್ಲಿ. ಎರಡು ಕಂಬಗಳ ನಡುವಿನ ಅಂತರವೇ ಒಂದು ಖಣ, ಸಿಕ್ಕ ತೊಲೆಯ ಉದ್ದವೇ ಅದರ ಅಳತೆ. ಸಾಹುಕಾರರ ಮನೆಗೆ ಪಡುವಣ ಕಾಡಿನ ತೇಗ ಬರುತ್ತಿತ್ತು, ಉಳಿದವರಿಗೆ ಹೊಲದ ಬದುವಿನ ಬೇವು, ಜಾಲಿಯೇ ಗತಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ. ಜಂತಿಯ ಮೇಲೆ ಹಲಗೆ, ಹಲಗೆ ಕೊಳ್ಳಲಾಗದವರು ತೊಗರಿಕಟ್ಟಿಗೆ ಹಾಸಿ ಹುಳ ಹಿಡಿಯದಂತೆ ಮೇಲೆ ಬೇವಿನ ಸೊಪ್ಪು ಹರಡುತ್ತಾರೆ. ಅದರ ಮೇಲೆ ಹದವಾಗಿ ಕಲಸಿದ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಬೆಳೆಗೆ ಕೆಟ್ಟದ್ದು ಎಂದು ರೈತ ಶಪಿಸುವ ಮಣ್ಣೇ ಮಾಳಿಗೆಗೆ ಬೇಕು. ಅದರಲ್ಲಿರುವ ಸೋಡಿಯಂ ಅಂಶದಿಂದ ಮೊದಲ ಮಳೆ ಬಿದ್ದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಕೆಳಗಿನ ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಳಿಯುವ ಬದಲು ದೋಣಿಯತ್ತ ಹರಿಯುತ್ತದೆ. ಆದರೆ ಆ ಪದರ ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ಕೊಚ್ಚಿಹೋಗುತ್ತದೆ. ಅದಕ್ಕೇ ವರ್ಷವರ್ಷವೂ ಮಿರಗದ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವ ಕೆಲಸ. ಒಂದು ಓಣಿಯಲ್ಲಿ ಒಬ್ಬರು ಶುರು ಮಾಡಿದರೆ ಸಾಕು, ಉಳಿದವರೂ ಬಂಡಿ ಹೂಡುತ್ತಿದ್ದರು. ಪಕ್ಕದ ಮಾಳಿಗೆ ತಗ್ಗಾದರೆ ತಮ್ಮ ನೀರು ಅತ್ತ ಹೋಗುತ್ತದೆ, ಎತ್ತರವಾದರೆ ಅವರ ನೀರು ಇತ್ತ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಈ ಮಾಳಿಗೆಯ ತೂಕವನ್ನು ಸ್ವಲ್ಪ ಲೆಕ್ಕಹಾಕಿ ನೋಡಬೇಕು. ಒಂದು ಗೇಣು ದಪ್ಪ ಮಣ್ಣಿದ್ದರೆ ಚದರ ಮೀಟರಿಗೆ 350 ಕೆ.ಜಿ. ದಾಟುತ್ತದೆ, ನೆನೆದರೆ ಇನ್ನೂ ಹೆಚ್ಚು. ಐದಿಂಚಿನ ಸಿಮೆಂಟ್ ಸ್ಲ್ಯಾಬು ಸುಮಾರು 300 ಕೆ.ಜಿ. ಅಂದರೆ ಬೇವಿನ ಜಂತಿಗಳು ಸ್ಲ್ಯಾಬಿಗಿಂತ ಹೆಚ್ಚಿನ ಭಾರವನ್ನು ಹೊತ್ತು ನಿಂತಿವೆ. ಹಳೆಯ ಮಣ್ಣನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸದನ್ನು ಸುರಿಯುವ ಸೋಮಾರಿತನಕ್ಕೆ ಎಷ್ಟೋ ಮನೆಗಳು ಬಲಿಯಾಗಿವೆ. ಹಿಂದಿನವರು ಮಾಡಿದ್ದೆಲ್ಲ ಸರಿಯಿತ್ತು ಎನ್ನುವವರು ಈ ಲೆಕ್ಕವನ್ನೂ ನೆನಪಿಡಬೇಕು.

ಗೋಡೆಯಲ್ಲಿ ಎರಡು ಜಾತಿ. ಉಳ್ಳವರ ಮನೆಯಲ್ಲಿ ಕಂಬಗಳೇ ಮಾಳಿಗೆಯನ್ನು ಹೊರುತ್ತವೆ, ಎರಡು ಎರಡೂವರೆ ಅಡಿ ದಪ್ಪದ ಗೋಡೆ ಬರೀ ಮರೆಗೆ ಮತ್ತು ತಂಪಿಗೆ. ಗೋಡೆ ಬಿದ್ದರೂ ಮಾಳಿಗೆ ನಿಲ್ಲುತ್ತದೆ. ಬಡವರ ಮನೆಯಲ್ಲಿ ಕಂಬಕ್ಕೆ ದುಡ್ಡಿಲ್ಲದೆ ಜಂತಿಯ ತುದಿಯನ್ನು ನೇರವಾಗಿ ಗೋಡೆಯ ಮೇಲೆ ಊರಿರುತ್ತಾರೆ. ಆ ಗೋಡೆ ಪಕ್ಕದ ಮನೆಯ ಜಂತಿಯನ್ನೂ ಹೊತ್ತಿರುತ್ತದೆ. ಇಂಥದ್ದು ಕುಸಿದರೆ ಎರಡು ಸಂಸಾರ ಬೀದಿಗೆ ಬರುತ್ತವೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಗೆ ಹತ್ತಿರದ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತ ನೆಲ ನಡುಗಿ ಸುಮಾರು ಎಂಟು ಸಾವಿರ ಜನ ಸತ್ತರಲ್ಲ, ಅವರಲ್ಲಿ ಬಹುಪಾಲು ಜನ ಇಂಥದೇ ಕಲ್ಲುಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಅಡಿ ಸಿಕ್ಕವರು. ಅಲ್ಲಿಯೂ ಪ್ರತ್ಯೇಕ ಮರದ ಚೌಕಟ್ಟಿದ್ದ ಮನೆಗಳಲ್ಲಿ ಎಷ್ಟೋ ಕಡೆ ಗೋಡೆ ಹೊರಕ್ಕೆ ಉರುಳಿದರೂ ಕಂಬ ತೊಲೆಗಳು ನಿಂತುಕೊಂಡವು. ಮಣ್ಣು ಎಂಬ ಒಂದೇ ಹಣೆಪಟ್ಟಿಯಡಿ ಈ ಎರಡು ಬಗೆಯನ್ನೂ ಸೇರಿಸಿಬಿಟ್ಟರೆ ಯಾವುದನ್ನು ಉಳಿಸಬೇಕು, ಯಾವುದನ್ನು ಕೆಡವಬೇಕು ಎಂಬುದೇ ಗೊತ್ತಾಗುವುದಿಲ್ಲ.

ಒಳಗೆ ಹೋದರೆ ತಲಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನ ಕಟ್ಟುವ ಜಾಗ, ಗೋದಲಿ, ಅದರ ಎದುರು ಎತ್ತರದಲ್ಲಿ ಪಡಸಾಲೆ. ಹಿಂದೆ ನಡುಮನೆ, ಅಡುಗೆಮನೆ, ಬಚ್ಚಲು. ದನವೂ ಜನವೂ ಒಂದೇ ಬಾಗಿಲಿನಲ್ಲಿ ಓಡಾಡುವುದನ್ನು ಕಂಡು ಮೂಗು ಮುರಿದ ಅಧಿಕಾರಿಗಳು ಎಲ್ಲ ಕಾಲದಲ್ಲೂ ಇದ್ದರು. ಎತ್ತು ಕಳುವಾದರೆ ಆ ವರ್ಷದ ಬಿತ್ತನೆಯೇ ಹೋಯಿತು ಎಂಬ ಕಾಲದಲ್ಲಿ ಅದಕ್ಕಿಂತ ಭದ್ರವಾದ ಜಾಗ ಬೇರೆ ಇರಲಿಲ್ಲ. ಮನೆಗಳು ಮೈಗೆ ಮೈ ಹಚ್ಚಿ ನಿಂತದ್ದಕ್ಕೂ ಇದೇ ಕಾರಣ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದ ಕೋಟೆಗೆ ಮುತ್ತಿಗೆ ಹಾಕಿತು. 1787ರಲ್ಲಿ ಗಜೇಂದ್ರಗಡದಲ್ಲಿ ಮರಾಠರಿಗೂ ಟಿಪ್ಪುವಿಗೂ ಒಪ್ಪಂದವಾಯಿತು. ಆಮೇಲೆ ಪಿಂಡಾರಿಗಳ ಕಾಟ. ಊರಿಗೆ ಅಗಸಿ, ಹುಡೇವು, ಸುತ್ತ ಗೋಡೆ. ಆ ಗೋಡೆಯೊಳಗಿನ ಜಾಗ ಸೀಮಿತ. ಒಂದು ಗೋಡೆಯನ್ನು ಇಬ್ಬರು ಹಂಚಿಕೊಂಡರೆ ಕಲ್ಲು, ಮಣ್ಣು, ಕೂಲಿ ಎಲ್ಲ ಅರ್ಧ. ಚೈತ್ರ ವೈಶಾಖದ ಬಿಸಿಲು ಬಡಿಯುವುದೂ ಎದುರುಗೋಡೆಗೆ ಮತ್ತು ಮಾಳಿಗೆಗೆ ಮಾತ್ರ.

ಇಷ್ಟಾದರೂ ಕತ್ತಲೆ ಕತ್ತಲೆಯೇ. ಬಹಳ ಮನೆಗಳಿಗೆ ಎರಡು ಪಕ್ಕವಷ್ಟೇ ಅಲ್ಲ, ಹಿಂಭಾಗವೂ ಇನ್ನೊಂದು ಓಣಿಯ ಮನೆಗೆ ಅಂಟಿಕೊಂಡಿರುತ್ತದೆ. ಇಂಗ್ಲೆಂಡಿನ ಲೀಡ್ಸ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಕೂಲಿಕಾರರಿಗೆ ಹೀಗೆಯೇ ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳನ್ನು ಸಾವಿರಗಟ್ಟಲೆ ಕಟ್ಟಿದರು. ಗಾಳಿಯಾಡದೆ ಕಾಯಿಲೆಯ ಗೂಡಾದ ಆ ಮನೆಗಳನ್ನು ಹೊಸದಾಗಿ ಕಟ್ಟಕೂಡದೆಂದು 1909ರಲ್ಲಿ ಕಾಯ್ದೆಯೇ ಬಂತು. ನಮ್ಮವರಿಗೆ ಸಪಾಟು ಮಾಳಿಗೆ ಒಂದು ದಾರಿ ಕೊಟ್ಟಿತ್ತು. ಬೆಳಕಿಂಡಿಯಿಂದ ಬೆಳಕು ಕೆಳಗಿಳಿಯುತ್ತದೆ, ಒಲೆಯ ಹೊಗೆ ಮೇಲೇರುತ್ತದೆ. ಹಿತ್ತಲಿಲ್ಲದ ಮನೆಗೆ ಮಾಳಿಗೆಯೇ ಹಿತ್ತಲು. ಮೆಣಸಿನಕಾಯಿ ಒಣಗುವುದು, ಬಾಣಂತಿ ಎಳೆಬಿಸಿಲು ಕಾಯಿಸುವುದು, ಬೇಸಗೆಯಲ್ಲಿ ಮನೆಮಂದಿಯೆಲ್ಲ ಮಲಗುವುದು ಅಲ್ಲೇ. ಇಳಿಜಾರು ಸ್ಲೇಟಿನ ಇಂಗ್ಲಿಷ್ ಮನೆಗೆ ಈ ಸೌಕರ್ಯವಿರಲಿಲ್ಲ. ಆದರೂ ಒಂದು ಅಡಿ ಅಗಲದ ಬೆಳಕಿಂಡಿ ಎಷ್ಟು ಹೊಗೆ ಎಳೆದೀತು? 1898ರ ಸುಮಾರಿಗೆ ಧಾರವಾಡ ಜಿಲ್ಲೆಗೆ ಪ್ಲೇಗು ನುಗ್ಗಿದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮಣ್ಣಿನ ಗೋಡೆಯ ಬಿಲ, ಒಳಗೇ ಕೂಡಿಟ್ಟ ಕಾಳು, ಬಿಸಿಲು ಕಾಣದ ಮೂಲೆ, ಇಲಿಗೆ ಬೇಕಾದದ್ದೆಲ್ಲ ಮನೆಯಲ್ಲೇ ಇತ್ತು. ಹಳೆಯ ಮನೆಯಲ್ಲಿ ಅಡುಗೆ ಮಾಡಿ ಕಣ್ಣು ಕೆಡಿಸಿಕೊಂಡ ಹೆಂಗಸರು ಆ ಮನೆಯನ್ನು ಹಾಡಿ ಹೊಗಳುವುದನ್ನು ನಾನಂತೂ ಕೇಳಿಲ್ಲ. ಹೊಗಳುವವರು ಬಹುತೇಕ ಪಡಸಾಲೆಯಲ್ಲಿ ಕೂತವರು.

ಓಣಿಗಳ ಇನ್ನೊಂದು ಸಂಗತಿಯನ್ನೂ ಮುಚ್ಚಿಡುವಂತಿಲ್ಲ. ಲಂಡನ್ನಿನ 1774ರ ಕಟ್ಟಡ ಕಾಯ್ದೆ ಮನೆಗಳನ್ನು ಬೆಲೆ, ವಿಸ್ತೀರ್ಣ ನೋಡಿ ನಾಲ್ಕು ದರ್ಜೆ ಮಾಡಿತು. ಬೀದಿ ನೋಡಿದರೆ ನಿವಾಸಿಯ ವರ್ಗ ಗೊತ್ತಾಗುತ್ತಿತ್ತು. ನಮ್ಮಲ್ಲಿ ಓಣಿ ನೋಡಿದರೆ ಜಾತಿ ಗೊತ್ತಾಗುತ್ತದೆ. ಗೋಡೆ ಹಂಚಿಕೊಂಡದ್ದು ಜಾತಿಯೊಳಗೆ. ಕಲ್ಲು ಒಡೆದವರು, ಮಣ್ಣು ಹೊತ್ತವರು ಅಗಸಿಯ ಆಚೆಗೆ ಕೇರಿಯಲ್ಲಿ ಇದ್ದರು. ಸಾಲುಮನೆಯ ಹೊಂದಾಣಿಕೆಯನ್ನು ಹೊಗಳುವಾಗ ಆ ಹೊಂದಾಣಿಕೆ ಎಲ್ಲಿಗೆ ಬಂದು ನಿಲ್ಲುತ್ತಿತ್ತು ಎಂಬುದನ್ನೂ ಹೇಳಬೇಕು.

ಗಜೇಂದ್ರಗಡದ ನೇಕಾರರ ಮನೆಗಳು ಬೇರೆಯದೇ ಲೆಕ್ಕ. ಇಲ್ಲಿ ದನದ ಜಾಗದಲ್ಲಿ ಕುಣಿಮಗ್ಗ. ಪಟ್ಟೇದಂಚಿನ ಸೀರೆ ನೇಯುವ ಈ ಊರಿನಲ್ಲಿ ಮನೆಯ ಅಗಲವನ್ನು ಮಗ್ಗವೇ ನಿಶ್ಚಯಿಸಿತು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಾಗ ಮಣ್ಣಿನ ತೇವ ಹತ್ತಿಯ ಎಳೆಯನ್ನು ಹರಿಯದಂತೆ ಕಾಯುತ್ತದೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಕೈಮಗ್ಗದವರೂ ಸಾಲುಮನೆಗಳಲ್ಲೇ ಇದ್ದರು. ಅವರದು ಮಬ್ಬು ಆಕಾಶ, ಬೆಳಕಿಗೆ ಬರ. ಹಾಗಾಗಿ ಮಗ್ಗವನ್ನು ಮೇಲಿನ ಅಂತಸ್ತಿಗೆ ಏರಿಸಿ ಗೋಡೆಯುದ್ದಕ್ಕೂ ಕಿಟಕಿಗಳ ಸಾಲು ಇಟ್ಟರು. ನಮ್ಮದು ಉರಿಬಿಸಿಲು, ತೇವಕ್ಕೆ ಬರ. ಮಗ್ಗ ನೆಲದೊಳಗೆ ಇಳಿಯಿತು. ಈಗ ಸಿಮೆಂಟ್ ನೆಲದ ಮನೆ ಕಟ್ಟಿಸಿಕೊಂಡ ನೇಕಾರನಿಗೆ ಕುಣಿ ತೋಡಲು ಜಾಗವೇ ಇರುವುದಿಲ್ಲ. ಸರ್ಕಾರಿ ಮನೆಯ ನಕ್ಷೆ ಬರೆದವರಿಗೆ ಮಗ್ಗ ಎಂಬುದು ನೆನಪಾದಂತೆ ಕಾಣುವುದಿಲ್ಲ.

ಇಂಗ್ಲಿಷ್ ಸಾಲಿಗೂ ನಮ್ಮ ಸಾಲಿಗೂ ಹುಟ್ಟಿನಲ್ಲೇ ಒಂದು ದೊಡ್ಡ ವ್ಯತ್ಯಾಸವಿದೆ. ಬಾತ್ ನಗರದ ರಾಯಲ್ ಕ್ರೆಸೆಂಟಿನ ಮೂವತ್ತು ಮನೆಗಳನ್ನು 1767ರಿಂದ ಏಳೆಂಟು ವರ್ಷಗಳಲ್ಲಿ ಕಿರಿಯ ಜಾನ್ ವುಡ್ ಎಂಬ ಒಬ್ಬನೇ ವಾಸ್ತುಶಿಲ್ಪಿಯ ಒಂದೇ ಮುಂಗಟ್ಟಿನ ನಕ್ಷೆಯಂತೆ ಕಟ್ಟಿದರು. ನಮ್ಮ ಸಾಲು ವಾಟ್ನಿಯಿಂದ ಹುಟ್ಟಿತು. ನಾಲ್ಕು ಜನ ಅಣ್ಣತಮ್ಮಂದಿರು ಬೇರೆಯಾದಾಗ ದೊಡ್ಡ ಮನೆಯನ್ನು ಉದ್ದುದ್ದಕ್ಕೆ ಸೀಳಿ ಹಂಚಿಕೊಂಡರು. ಯಾಕೆಂದರೆ ಎಲ್ಲರಿಗೂ ಓಣಿಯ ಮೇಲೆ ಒಂದು ಬಾಗಿಲು ಬೇಕು. ಅದರಿಂದ ಹತ್ತು ಹನ್ನೆರಡು ಅಡಿ ಅಗಲ, ಅರವತ್ತು ಅಡಿ ಉದ್ದದ ಮನೆಗಳಾದವು. ಗೋಡೆಯ ದಪ್ಪ ನೋಡಿಯೇ ಮನೆತನದ ಚರಿತ್ರೆ ಹೇಳಬಹುದು. ಎರಡಡಿ ಮೀರಿದ್ದು ಅಜ್ಜನ ಕಾಲದ್ದು, ಒಂದಡಿಯದು ಜಗಳದ ನಂತರ ಎಬ್ಬಿಸಿದ್ದು. ಬೀಳುವುದರಲ್ಲೂ ಈ ತೆಳ್ಳನೆಯ ನಡುಗೋಡೆಗಳೇ ಮೊದಲು.

ಈಗ ಸಾಮಾಯಿಕ ಗೋಡೆಯ, ಅಂದರೆ ಎರಡು ಮನೆಗಳು ಹಂಚಿಕೊಂಡ ಗೋಡೆಯ ವಿಷಯಕ್ಕೆ ಬರುತ್ತೇನೆ, ಈ ಲೇಖನದ ತಿರುಳೇ ಅದು. 1666ರಲ್ಲಿ ಲಂಡನ್ ಸುಟ್ಟುಹೋದ ಮೇಲೆ ಮರುವರ್ಷ ಬಂದ ಕಾಯ್ದೆ ಇಟ್ಟಿಗೆ ಅಥವಾ ಕಲ್ಲಿನಲ್ಲೇ ಕಟ್ಟಬೇಕು ಎಂದದ್ದು ಎಲ್ಲರಿಗೂ ಗೊತ್ತಿದೆ. ಅದರಲ್ಲಿ ಇನ್ನೊಂದು ಜಾಣ ಮಾತಿತ್ತು. ಮೊದಲು ಮನೆ ಕಟ್ಟುವವನು ಗಡಿಗೆರೆಯ ಮೇಲೆ, ಅರ್ಧ ತನ್ನ ಜಾಗ, ಅರ್ಧ ಪಕ್ಕದವನ ಜಾಗ ಬರುವಂತೆ ಗೋಡೆ ಎಬ್ಬಿಸಬೇಕು. ಪಕ್ಕದವನು ಯಾವಾಗ ಕಟ್ಟುತ್ತಾನೋ ಆಗ ಅರ್ಧ ಖರ್ಚನ್ನು ಬಡ್ಡಿಸಮೇತ ಕೊಡಬೇಕು. ಆ ದಾರಿಯ ಇತ್ತೀಚಿನ ಹೆಜ್ಜೆ 1996ರ ಪಾರ್ಟಿ ವಾಲ್ ಕಾಯ್ದೆ. ಹಂಚಿಕೊಂಡ ಗೋಡೆಗೆ ಕೈಹಚ್ಚುವ ಮುನ್ನ ನೆರೆಯವರಿಗೆ ಎರಡು ತಿಂಗಳ ನೋಟಿಸು ಕೊಡಬೇಕು. ಮೂರು ಮೀಟರಿನೊಳಗೆ ಅವರ ಪಾಯಕ್ಕಿಂತ ಆಳ ಅಗೆಯುವುದಾದರೂ ತಿಳಿಸಲೇಬೇಕು. ಒಪ್ಪದಿದ್ದರೆ ಸರ್ವೇಯರ್ ಬಂದು ತೀರ್ಮಾನ ಕೊಡುತ್ತಾನೆ.

ನಮ್ಮಲ್ಲಿ ಇದನ್ನು ಪಂಚರು ಮಾಡುತ್ತಿದ್ದರು. ಯಾರ ಜಂತಿ ಯಾವ ಗೋಡೆಗೆ, ಯಾರ ದೋಣಿ ಯಾವ ಕಡೆಗೆ ಎಂಬುದು ಬಾಯಿಮಾತಿನಲ್ಲೇ ನಿಶ್ಚಯ. ಕೆಲವು ಹಳೆಯ ಖರೀದಿ ಪತ್ರಗಳಲ್ಲಿ ಚಕ್ಕುಬಂದಿ ಬರೆಯುವಾಗ ಮೂಡಣ ಗೋಡೆ ಸಾಮಾಯಿಕ ಎಂಬ ನಮೂದು ಸಿಗುತ್ತದೆ. 1882ರ ಈಸ್‌ಮೆಂಟ್ ಕಾಯ್ದೆ 1891ರಲ್ಲಿ ಮುಂಬಯಿ ಪ್ರಾಂತಕ್ಕೂ ಅನ್ವಯವಾದ ಮೇಲೆ, ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಅನುಭವಿಸಿದ ಬೆಳಕು, ಗಾಳಿ, ಗೋಡೆಯ ಆಧಾರ ಹಕ್ಕಾಗುತ್ತದೆ ಎಂಬ ಸೂತ್ರ ಬಂತು. ಆದರೆ ಅದು ಕೋರ್ಟಿಗೆ ಹೋದವರಿಗೆ. ಗೋಡೆ ಬಿದ್ದ ಮೇಲೆ ದಾವೆ ಹೂಡಿ ಹತ್ತು ವರ್ಷ ಕಾಯುವ ಹಕ್ಕನ್ನು ಹಕ್ಕು ಎನ್ನುವುದಾದರೆ ಎನ್ನಬಹುದು. ಬೀಳುವ ಮುನ್ನ ಕೇಳುವ, ತಿಳಿಸುವ, ಅಳೆಯುವ ಕ್ರಮ ನಮ್ಮ ಯಾವ ಕಾಯ್ದೆಯಲ್ಲೂ ಬರಲಿಲ್ಲ. ಪಂಚರು ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ.

ಬೀಳುವುದು ಹೀಗೆ. ಸಾಲಿನ ನಡುವಿನ ಒಬ್ಬರು ಹಳೆ ಮನೆ ಕಿತ್ತು ಆರ್‌ಸಿಸಿ ಹಾಕಲು ಹೊರಡುತ್ತಾರೆ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ಗರಸು ಸಿಗುವ ತನಕ ಐದಾರು ಅಡಿ ಆಳಕ್ಕೆ ಪಾಯ ತೆಗೆಯಬೇಕು ಎಂದು ಗೌಂಡಿ ಹೇಳುತ್ತಾನೆ, ಅವನು ಹೇಳುವುದು ಸರಿ. ಪಕ್ಕದ ಮಣ್ಣಿನ ಗೋಡೆಯ ಪಾಯ ಇರುವುದು ಎರಡು ಮೂರು ಅಡಿ. ಜೆಸಿಬಿ ಬಂದು ತೋಡಿದ ದಿನವೇ ಆ ಗೋಡೆಯ ಬುಡ ಸಡಿಲವಾಯಿತು. ನಂತರ ಹೊಸ ಮನೆಯವರು ಸಾಮಾಯಿಕ ಗೋಡೆಯ ಗೊಡವೆ ಬೇಡವೆಂದು ತಮ್ಮ ಜಾಗದೊಳಗೆ ಬೇರೆ ಗೋಡೆ ಎಬ್ಬಿಸುತ್ತಾರೆ. ಎರಡರ ನಡುವೆ ನಾಲ್ಕು ಬೆರಳು ಸಂದಿ ಉಳಿಯುತ್ತದೆ. ಆ ಸಂದಿಗೆ ಮಳೆ ನೀರು ಇಳಿಯುತ್ತದೆ, ಬಿಸಿಲು ಇಳಿಯುವುದಿಲ್ಲ. ಮಣ್ಣಿನ ಗೋಡೆ ಸಾಯುವುದು ಬುಡದಿಂದ. ಎರಡು ಮೂರು ಮಳೆಗಾಲದಲ್ಲಿ ಪಕ್ಕದ ಮನೆ ಬೀಳುತ್ತದೆ, ಹಳೆಯದಾಗಿತ್ತು, ಬಿತ್ತು ಎಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ.

ಬುಡಕ್ಕೆ ನೀರು ಬಂದ ದಾರಿಗಳು ಇನ್ನೂ ಇವೆ. ಮನೆಮನೆಗೆ ನಳ ಬಂತು, ಒಳಚರಂಡಿ ಬರಲಿಲ್ಲ. ಓಣಿಗೆ ಸಿಸಿ ರಸ್ತೆ ಬಂತು, ಹಳೆಯದನ್ನು ಅಗೆಯದೆ ಒಂದರ ಮೇಲೊಂದು ಹಾಕಿ ರಸ್ತೆ ಹೊಸ್ತಿಲಿಗಿಂತ ಮೇಲಾಯಿತು, ಕಟ್ಟೆ ಮೆಟ್ಟಿಲು ಮುಚ್ಚಿಹೋದವು, ಮಳೆ ನೀರು ಮನೆಯೊಳಗೆ. ಗೋಡೆ ಗಟ್ಟಿಯಾಗಲೆಂದು ಹಚ್ಚಿದ ಸಿಮೆಂಟ್ ಗಿಲಾವು ಒಳಗಿನ ತೇವವನ್ನು ಹೊರಬಿಡದೆ ಮಣ್ಣನ್ನು ಒಳಗೊಳಗೇ ಮೆತ್ತಗಾಗಿಸಿತು. ಸಗಣಿ, ಮಣ್ಣು, ಹೊಟ್ಟು ಕಲಸಿ ಸಾರಿಸಿದ ಗೋಡೆ ಉಸಿರಾಡುತ್ತಿತ್ತು. ಸಿಮೆಂಟು ಬಿದ್ದಾಗ ಹಲಗೆಯಂತೆ ಕಳಚಿಕೊಂಡು ಬರುವುದನ್ನು ಯಾರು ಬೇಕಾದರೂ ನೋಡಬಹುದು.

ನರಗುಂದದಲ್ಲಿ ಆಪತ್ತು ನೆಲದಡಿಯಿಂದಲೇ ಬಂತು. ಜೋಳದ ಈ ಸೀಮೆಯಲ್ಲಿ ಮನೆಯ ಒಳಗೂ ಓಣಿಯ ನಡುವೆಯೂ ಹಗೇವು ತೋಡುತ್ತಿದ್ದರು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಆಳ ಆಳೆತ್ತರಕ್ಕೂ ಮೀರಿದ್ದು. ಒಳಗೆ ಹುಲ್ಲು ಹಾಸಿ ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ರೇಷನ್ ಅಂಗಡಿ, ಗೋದಾಮು ಬಂದ ಮೇಲೆ ಹಗೇವಿಗೆ ಕೆಲಸ ತಪ್ಪಿತು. ಕೆಲವನ್ನು ಕಸ ಹಾಕಿ ಮುಚ್ಚಿದರು, ಕೆಲವನ್ನು ಮರೆತೇಬಿಟ್ಟರು. 1972ರಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು ಮಲಪ್ರಭೆಯ ಕಾಲುವೆ ಹರಿಯಿತು. ನೀರಿನ ಕರದ ವಿರುದ್ಧ 1980ರ ಜುಲೈ 21ರಂದು ಇದೇ ನರಗುಂದದಲ್ಲಿ ರೈತರು ಸಿಡಿದೆದ್ದ ಕತೆ ಎಲ್ಲರೂ ಬಲ್ಲದ್ದು. ಕಾಲುವೆಯ ಸೀಮೆಯಲ್ಲಿ ಅಂತರ್ಜಲ ಮೇಲೇರಿತು. ಇತ್ತೀಚಿನ ವರ್ಷಗಳಲ್ಲಿ ಪಟ್ಟಣದ ಹಳೆ ಓಣಿಗಳಲ್ಲಿ ಮನೆಯೊಳಗೆ, ರಸ್ತೆಯಲ್ಲಿ ಇದ್ದಕ್ಕಿದ್ದಂತೆ ನೆಲ ಕುಸಿದು ಗುಂಡಿ ಬೀಳುವ ಸುದ್ದಿ ಮೇಲಿಂದ ಮೇಲೆ ಬರುತ್ತಿದೆ. ಮೇಲೇರಿದ ನೀರು, ಕೆಳಗಿನ ಪೊಳ್ಳು, ಎರಡೂ ಸೇರಿ ಆದದ್ದು. ಹಗೇವು ಇರುವ ಜಾಗಗಳ ನಕ್ಷೆಯನ್ನು ಓಣಿಯ ಹಿರಿಯರನ್ನು ಕೂರಿಸಿಕೊಂಡು ಈಗಲೇ ಬರೆಸದಿದ್ದರೆ ಮುಂದೆ ಬರೆಸಲು ಹಿರಿಯರೇ ಇರುವುದಿಲ್ಲ.

ನೆರೆಯ ಕತೆ ಬೇರೆ. ಬೆಣ್ಣಿಹಳ್ಳ ಮಲಪ್ರಭೆಗೆ ಸೇರುವ ಈ ತಗ್ಗಿನಲ್ಲಿ 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಹೊಳೆ ಆಲೂರು, ಮೆಣಸಗಿ, ಕೊಣ್ಣೂರು ಭಾಗದ ಸಾಲುಸಾಲು ಮನೆಗಳು ನೀರಲ್ಲಿ ನಿಂತು ಕರಗಿದವು. ಆಸರೆ ಯೋಜನೆಯಡಿ ನದಿಯಿಂದ ದೂರ ನವಗ್ರಾಮಗಳು ಎದ್ದವು. ಬಿಡಿಬಿಡಿ ಮನೆ, ನಾಲ್ಕೂ ಕಡೆ ಖಾಲಿ ಜಾಗ, ನೇರ ರಸ್ತೆ. ನಕಾಶೆಯಲ್ಲಿ ಚೆಂದ ಕಾಣುತ್ತದೆ. ದನ ಕಟ್ಟುವುದೆಲ್ಲಿ, ಹೊಟ್ಟು ಕಣಕಿ ಇಡುವುದೆಲ್ಲಿ, ಮೂರು ಮಕ್ಕಳಿಗೆ ಮದುವೆಯಾದರೆ ಮಲಗುವುದೆಲ್ಲಿ? ಬಹಳಷ್ಟು ಜನ ಹೊಸ ಮನೆಗೆ ಬೀಗ ಹಾಕಿ ಹಳೆ ಊರಿಗೇ ಮರಳಿದರು. 2019ರ ಆಗಸ್ಟಿನಲ್ಲಿ ಮತ್ತೆ ನೀರು ಬಂದಾಗ ಮುಳುಗಿದ್ದು ಅದೇ ಹಳೆ ಊರು. ಸರ್ಕಾರದ್ದೇ ತಪ್ಪು ಎಂದು ಪೂರ್ತಿ ಹೇಳಲಾರೆ. ನದಿಯ ದಂಡೆ ಬಿಡಲೇಬೇಕಿತ್ತು. ಆದರೆ ಓಣಿ ಬಿಟ್ಟು ಬನ್ನಿ ಎಂದದ್ದು ತಪ್ಪು. ಸಾಲನ್ನು ಸಾಲಾಗಿಯೇ ಎತ್ತರದ ಜಾಗಕ್ಕೆ ಒಯ್ಯಬಹುದಿತ್ತು, ಸಾಮಾಯಿಕ ಗೋಡೆಯಿಂದ ಇಟ್ಟಿಗೆಯೂ ಉಳಿಯುತ್ತಿತ್ತು.

2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಸಾಲುಮನೆಗೆ ಈ ವಿಂಗಡಣೆ ಹೊಂದುವುದಿಲ್ಲ. ಒಂದು ಮನೆ ‘ಎ’ ಪಟ್ಟಿಗೆ ಸೇರಿ ನೆಲಸಮವಾದರೆ ‘ಸಿ’ ಪಟ್ಟಿಯ ಪಕ್ಕದ ಮನೆಗೆ ಒಂದು ಪಕ್ಕದ ಗೋಡೆಯೇ ಇಲ್ಲದಂತಾಗುತ್ತದೆ. ಮೇಲಾಗಿ, ಚೂರು ರಿಪೇರಿಯಲ್ಲಿ ಉಳಿಯುವ ಮನೆಯನ್ನು ಉಳಿಸಿಕೊಂಡವನಿಗೆ ಸಿಗುವುದು ಕಡಿಮೆ, ಪೂರ್ತಿ ಕೆಡವಿಸಿಕೊಂಡವನಿಗೆ ಹೆಚ್ಚು. ಇಂಥ ಲೆಕ್ಕದಲ್ಲಿ ಯಾರು ಕಂಬ ಉಳಿಸಿಕೊಳ್ಳುತ್ತಾರೆ? ತೇಗದ ಕಂಬ, ಕೆತ್ತಿದ ಬಾಗಿಲು ಹಳೆ ಕಟ್ಟಿಗೆ ವ್ಯಾಪಾರಿಯ ಲಾರಿ ಏರುತ್ತವೆ, ಪಟ್ಟಣದ ಹೋಟೆಲ್ಲುಗಳಲ್ಲಿ ಅಲಂಕಾರಕ್ಕೆ ನಿಲ್ಲುತ್ತವೆ. ಹಾವೇರಿ ಜಿಲ್ಲೆಯ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ನಮ್ಮ ಹಳ್ಳಿಮನೆಯ ಸಿಮೆಂಟ್ ಪ್ರತಿಕೃತಿ ನೋಡಲು ಟಿಕೆಟ್ ಕೊಂಡು ಸಾಲಾಗಿ ನಿಲ್ಲುವವರೂ ನಾವೇ.

ಇಂಗ್ಲೆಂಡಿನವರೇನೂ ಬಹಳ ಶ್ಯಾಣ್ಯಾರಲ್ಲ. 2002ರಿಂದ 2011ರವರೆಗೆ ಅವರ ಸರ್ಕಾರವೇ ಉತ್ತರದ ಊರುಗಳಲ್ಲಿ ಸಾಲುಮನೆಗಳನ್ನು ಬೀದಿಗಟ್ಟಲೆ ಕೆಡವಿಸಿತು, ಆಮೇಲೆ ಕೈಬಿಟ್ಟಿತು. ಲಿವರ್‌ಪೂಲಿನ ಗ್ರ್ಯಾನ್ಬಿ ಎಂಬಲ್ಲಿ ಕೆಡವಲು ಬಿಡದೆ ಹೂಕುಂಡ ಇಟ್ಟು ಬೀದಿ ಕಾದವರು ಅಲ್ಲಿನ ನಿವಾಸಿಗಳು. ಅವರೊಂದಿಗೆ ಆ ಮನೆಗಳನ್ನು ಮತ್ತೆ ವಾಸಯೋಗ್ಯ ಮಾಡಿದ ಅಸೆಂಬಲ್ ಎಂಬ ತಂಡಕ್ಕೆ 2015ರಲ್ಲಿ ಟರ್ನರ್ ಕಲಾ ಪ್ರಶಸ್ತಿ ಬಂತು. ಅಲ್ಲಿಯೂ ಉಳಿದದ್ದು ಇಡೀ ಬೀದಿಯನ್ನು ಒಟ್ಟಾಗಿ ಕೈಗೆತ್ತಿಕೊಂಡಲ್ಲಿ ಮಾತ್ರ.

ಎಲ್ಲ ಮಣ್ಣಿನ ಮನೆಗಳನ್ನೂ ಉಳಿಸಿ ಎಂದು ನಾನು ಹೇಳುವುದಿಲ್ಲ. ಗೋಡೆಯ ಮೇಲೆ ನೇರ ಜಂತಿ ಊರಿದ, ಒಂದಡಿಯ ನಡುಗೋಡೆಯ ಮನೆಗಳನ್ನು ಜೀವಕ್ಕೆ ಎರವಾಗುವ ಮುನ್ನ ಬದಲಿಸಲೇಬೇಕು. ಕಂಬದ ಚೌಕಟ್ಟಿರುವವನ್ನು ಉಳಿಸಬಹುದು. ಮಾಳಿಗೆಯ ಹಳೆ ಮಣ್ಣು ಇಳಿಸಿ ಭಾರ ಕಡಿಮೆ ಮಾಡಬೇಕು, ತೆಳುವಾಗಿ ಹೊಸ ಪದರ ಹಾಕಬೇಕು, ಬೆಳಕಿಂಡಿ ದೊಡ್ಡದು ಮಾಡಿ ಗಾಜು ಹಚ್ಚಬೇಕು, ಬುಡದ ನೀರಿಗೆ ಗಟಾರ ಕೊಡಬೇಕು. ಇದಕ್ಕೆ ಸ್ಲ್ಯಾಬಿನ ಖರ್ಚು ಆಗುವುದಿಲ್ಲ. ಆದರೆ ಇದು ಒಬ್ಬ ಮಾಡುವ ಕೆಲಸವಲ್ಲ. ಅನುದಾನ ಕೊಡುವುದಾದರೆ ಮನೆಗಲ್ಲ, ಓಣಿಗೆ ಕೊಡಬೇಕು.

ರೋಣ, ನರಗುಂದ, ಗಜೇಂದ್ರಗಡದ ಮೂರು ಪುರಸಭೆಗಳು ಹೊಸ ಕಾಯ್ದೆಗೆ ಕಾಯಬೇಕಾಗಿಲ್ಲ. ಹಳೆ ಊರಿನೊಳಗೆ ಕಟ್ಟಡ ಪರವಾನಿಗೆ ಕೇಳುವವರ ಅರ್ಜಿಗೆ ಒಂದು ಪುಟ ಸೇರಿಸಲು ಠರಾವು ಸಾಕು. ಯಾವ ಗೋಡೆ ಸಾಮಾಯಿಕ, ಅದರ ದಪ್ಪ ಎಷ್ಟು, ಪಕ್ಕದವರ ಜಂತಿ ಅದರ ಮೇಲಿದೆಯೆ, ಪಾಯ ಎಷ್ಟು ಆಳ ತೆಗೆಯುತ್ತೀರಿ, ನೆರೆಯವರಿಗೆ ತಿಳಿಸಿದ್ದೀರಾ ಎಂಬ ಐದು ಪ್ರಶ್ನೆ. ಪುರಸಭೆ ಕೇಳುವ ತನಕ ಕಾಯದೆ, ಮುಂದಿನ ಬೇಸಗೆಯಲ್ಲಿ ಮನೆ ಕೀಳಲು ಹೊರಟವರು ಜೆಸಿಬಿಯವನಿಗೆ ಹೇಳುವ ಮುನ್ನ ಪಕ್ಕದ ಮನೆಯವರನ್ನು ಕರೆದು ಆ ಗೋಡೆಯನ್ನು ಇಬ್ಬರೂ ಕೂಡಿ ಒಮ್ಮೆ ಅಳೆಯಿರಿ.